ಎಐ ವಿಡಿಯೊ ಟೂಲ್ ಆರಿಸುವುದು ಹೇಗೆ? ದುಡ್ಡು ಕಟ್ಟುವ ಮುಂಚೆ ಮಾಡಬೇಕಾದ ಕೆಲಸ, ಹಂತ ಹಂತವಾಗಿ

ಮಂಗಳೂರು, ಉಡುಪಿ ಕಡೆಯ ಸೀರೆ ಅಂಗಡಿಯವರು, ಹೋಮ್‌ಸ್ಟೇ ನಡೆಸುವವರು, ಯಕ್ಷಗಾನ ಮೇಳದ ಪ್ರಚಾರ ನೋಡಿಕೊಳ್ಳುವ ಹುಡುಗರು, ಮದುವೆ ವಿಡಿಯೊ ಎಡಿಟ್ ಮಾಡುವವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ ಎಐ ವಿಡಿಯೊ ಟೂಲ್ ಒಳ್ಳೆಯದು?" ಕೇಳುವ ಹೊತ್ತಿಗೆ ಹೆಚ್ಚಿನವರು ಯಾವುದೋ ಒಂದಕ್ಕೆ ದುಡ್ಡು ಕಟ್ಟಿ ಆಗಿರುತ್ತದೆ. ಕ್ರೆಡಿಟ್ (ವಿಡಿಯೊ ಮಾಡಿದಂತೆಲ್ಲ ಕಳೆಯುತ್ತಾ ಹೋಗುವ ಟೂಲ್‌ನ ಪಾಯಿಂಟ್) ಮುಗಿದಿರುತ್ತದೆ, ಬಳಸಬಹುದಾದ ಒಂದು ಶಾಟ್ ಕೂಡ ಕೈಗೆ ಸಿಕ್ಕಿರುವುದಿಲ್ಲ.

ಎಡವುವುದು ಕ್ರಮದಲ್ಲಿ. ಡೆಮೊ ನೋಡುತ್ತಾರೆ, ಟೂಲ್ ಕೊಳ್ಳುತ್ತಾರೆ, ಆಮೇಲೆ ಅದರಲ್ಲಿ ತಮ್ಮ ಕೆಲಸ ಆಗುತ್ತದಾ ಅಂತ ನೋಡುತ್ತಾರೆ. ಇಲ್ಲಿ ಹೇಳುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ನಿಮ್ಮ ಶಾಟ್, ಆಮೇಲೆ ನಿಮ್ಮದೇ ಫೋಟೊ ಹಾಕಿ ಪರೀಕ್ಷೆ, ಆಮೇಲೆ ಸೆಕೆಂಡಿನ ಲೆಕ್ಕ. ದುಡ್ಡು ಕಟ್ಟುವುದು ಕೊನೆಗೆ. ಯಾವ ಹಂತವನ್ನೂ ಹಾರಿಸಬೇಡಿ.

## ಕೈಯಲ್ಲಿ ಇರಬೇಕಾದದ್ದು

ಬ್ರೌಸರ್ ಇರುವ ಒಂದು ಲ್ಯಾಪ್‌ಟಾಪ್. ಫೋನಿನಲ್ಲೂ ಆಗುತ್ತದೆ, ಆದರೆ ತಪ್ಪು ಹಿಡಿಯಲು ದೊಡ್ಡ ಪರದೆ ಬೇಕು. ಟೂಲ್‌ಗಳಿಗೆ ಸೈನ್‌ಅಪ್ ಆಗಲು ಪ್ರತ್ಯೇಕ ಇಮೇಲ್ ಇಟ್ಟುಕೊಳ್ಳಿ, ಬ್ಯಾಂಕಿಗೆ ಕೊಟ್ಟ ಇಮೇಲ್ ಬೇಡ. ಲೆಕ್ಕ ಬರೆಯಲು ನೋಟ್‌ಬುಕ್ ಅಥವಾ ಗೂಗಲ್ ಶೀಟ್. ಶಾಟ್‌ಗಳನ್ನು ಜೋಡಿಸಲು ಒಂದು ಎಡಿಟರ್. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು, ಫೋನಿನಲ್ಲಾದರೆ ವಿಎನ್.

ಎಲ್ಲಕ್ಕಿಂತ ಮುಖ್ಯ, ಮೂಲ ಫೋಟೊಗಳು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಒತ್ತಿ ಸಣ್ಣದಾಗಿ ಬರುತ್ತದೆ. ಅದನ್ನು ಹಾಕಿದರೆ ಟೂಲ್ ಎಷ್ಟೇ ದುಬಾರಿಯದ್ದಾದರೂ ವಿಡಿಯೊ ಮಸುಕಾಗಿಯೇ ಬರುತ್ತದೆ, ಬೈಗುಳ ಮಾತ್ರ ಟೂಲ್‌ಗೆ ಬೀಳುತ್ತದೆ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಡ್ರೈವ್‌ಗೆ ಹಾಕಿಸಿಕೊಳ್ಳಿ.

## ಹಂತ 1: ನಿಮ್ಮ ಕೆಲಸ ಯಾವ ಬಗೆಯದು ಎಂದು ಗುರುತಿಸಿ

"ಎಐ ವಿಡಿಯೊ" ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಇದನ್ನು ಬಿಡಿಸಿ ನೋಡದಿದ್ದರೆ ಮುಂದಿನದ್ದೆಲ್ಲ ತಪ್ಪುತ್ತದೆ.

ಮೊದಲನೆಯದು, ಫೋಟೊಗೆ ಚಲನೆ ಕೊಡುವುದು. ನಿಮ್ಮ ಹತ್ತಿರ ಒಂದು ಒಳ್ಳೆಯ ಫೋಟೊ ಇದೆ, ಅದು ಐದು ಸೆಕೆಂಡ್ ಅಲುಗಾಡಬೇಕು. ಕ್ಲಿಂಗ್, ರನ್‌ವೇ, ಲೂಮಾ, ಹೈಲುವೊ, ವಿಯೊ ಎಲ್ಲವೂ ಇದನ್ನು ಮಾಡುತ್ತವೆ. ಊರಿನ ಸಣ್ಣ ವ್ಯಾಪಾರಕ್ಕೆ ಜಾಸ್ತಿ ಬೇಕಾಗುವುದು ಇದೇ.

ಎರಡನೆಯದು, ಬರಿ ಮಾತಿನಿಂದ ದೃಶ್ಯ ಹುಟ್ಟಿಸುವುದು. ಫೋಟೊ ಇಲ್ಲ, ವಿವರಣೆ ಮಾತ್ರ. ಡೆಮೊಗಳಲ್ಲಿ ನೀವು ನೋಡಿ ಬೆರಗಾಗುವುದು ಹೆಚ್ಚಾಗಿ ಇದನ್ನು. ಗೂಗಲ್‌ನ ವಿಯೊ 3 ಬಂದದ್ದು 2025ರ ಮೇ ತಿಂಗಳಲ್ಲಿ. ಚಿತ್ರದ ಜೊತೆಗೇ ಮಾತು, ಶಬ್ದ ಎಲ್ಲ ಸೇರಿಸಿ 8 ಸೆಕೆಂಡಿನ ತುಣುಕು ಕೊಡುತ್ತದೆ.

ಮೂರನೆಯದು, ಮಾತಾಡುವ ಮುಖ. ಒಬ್ಬರು ಕ್ಯಾಮೆರಾ ಮುಂದೆ ನಿಂತು ಪಾಠ ಹೇಳಬೇಕು, ಪ್ರಾಡಕ್ಟ್ ವಿವರಿಸಬೇಕು. ಇದಕ್ಕೆ ಹೇಜೆನ್, ಸಿಂಥೀಷಿಯಾ ಥರದ ಅವತಾರ್ ಟೂಲ್‌ಗಳಿವೆ. ಮಣಿಪಾಲದಲ್ಲಿ ಕೋಚಿಂಗ್ ನಡೆಸುವವರು ಹತ್ತು ನಿಮಿಷದ ಪಾಠಕ್ಕೆ ವಿಯೊ ಹಿಡಿದುಕೊಂಡರೆ ಎಂಟೆಂಟು ಸೆಕೆಂಡಿನ ತುಂಡು ಹೊಲಿಯುತ್ತಾ ಕೂರಬೇಕಾಗುತ್ತದೆ.

ನಾಲ್ಕನೆಯದು, ಸ್ಕ್ರಿಪ್ಟ್ ಕೊಟ್ಟರೆ ಪೂರ್ತಿ ವಿಡಿಯೊ ಜೋಡಿಸಿ ಕೊಡುವುದು. ಇನ್‌ವಿಡಿಯೊ ಥರದವು. ಇವು ಮುಖ್ಯವಾಗಿ ಸ್ಟಾಕ್ ತುಣುಕುಗಳನ್ನು, ಅಂದರೆ ಬೇರೆಯವರು ಮೊದಲೇ ತೆಗೆದಿಟ್ಟ ವಿಡಿಯೊಗಳನ್ನು ತೆಗೆದುಕೊಂಡು, ದನಿ ಮತ್ತು ಅಕ್ಷರ ಸೇರಿಸುತ್ತವೆ. ಬೇಗ ಆಗುತ್ತದೆ, ನಿಜ. ಆದರೆ ಸ್ಟಾಕ್‌ನಲ್ಲಿ ಮಲ್ಪೆ ಬಂದರು ಸಿಗುವುದು ಕಷ್ಟ. ಯಾವುದೋ ಊರಿನ ಬಂದರು ತೋರಿಸಿ ಅದರ ಮೇಲೆ ನಿಮ್ಮ ಅಂಗಡಿಯ ಹೆಸರು ಹಾಕಿದರೆ ಇಲ್ಲಿಯವರಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ನಿಮ್ಮದು ಈ ನಾಲ್ಕರಲ್ಲಿ ಯಾವುದು ಎಂದು ಬರೆದಿಡಿ. ಎರಡು ಬಗೆ ಬೇಕಾದರೆ ಎರಡು ಟೂಲ್ ಬೇಕು. ನಾಲ್ಕನ್ನೂ ಚೆನ್ನಾಗಿ ಮಾಡುವ ಒಂದೇ ಟೂಲ್ ಹುಡುಕುತ್ತಾ ಕೂತರೆ ತಿಂಗಳು ಕಳೆಯುತ್ತದೆ, ಅಷ್ಟೆ.

## ಹಂತ 2: ಶಾಟ್ ಪಟ್ಟಿ ಬರೆಯಿರಿ, ಎಐ ಬೇಡದ್ದನ್ನು ಹೊಡೆದು ಹಾಕಿ

ಮೂವತ್ತು ಸೆಕೆಂಡಿನ ಜಾಹೀರಾತು ಎಂದರೆ ಮೂರು ನಾಲ್ಕು ಸೆಕೆಂಡಿನ ಎಂಟೊಂಬತ್ತು ಶಾಟ್. ಒಂದೊಂದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಬರೆದ ಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಫೋನಿನಲ್ಲಿ ತೆಗೆಯಲು ಆಗುವುದಿಲ್ಲವಾ?

ಸಮುದ್ರ ಬೇಕಾದರೆ ಪಣಂಬೂರಿಗೋ ಕಾಪುವಿಗೋ ಹೋಗಿ ತೆಗೆಯಿರಿ. ನೀರ್‌ದೋಸೆ ಕಾವಲಿಯಿಂದ ಏಳುವುದನ್ನು ಅಡುಗೆಮನೆಯಲ್ಲೇ ತೆಗೆಯಬಹುದು. ಇವಕ್ಕೆ ಕ್ರೆಡಿಟ್ ಸುಡುವುದು ದಂಡ.

ಇನ್ನೊಂದು ಗಟ್ಟಿ ನಿಯಮ: ಮಾರುವ ವಸ್ತುವನ್ನು ಎಐ ಕೈಗೆ ಕೊಡಬೇಡಿ. ಉಡುಪಿ ಕೈಮಗ್ಗದ ಸೀರೆಯ ಫೋಟೊ ಹಾಕಿ "ಸೆರಗು ಗಾಳಿಗೆ ಹಾರಲಿ" ಎಂದರೆ ಹಾರುತ್ತದೆ. ಹಾರುವಾಗ ಚೌಕುಳಿಯ ಅಳತೆ ಬದಲಾಗುತ್ತದೆ, ಅಂಚಿನ ಗೆರೆ ಒಂದು ಹೆಚ್ಚೋ ಕಡಿಮೆಯೋ ಆಗುತ್ತದೆ. ಗಿರಾಕಿ ನೋಡುವುದು ನಿಮ್ಮ ಹತ್ತಿರ ಇಲ್ಲದ ಸೀರೆ. ಹೋಮ್‌ಸ್ಟೇಗೂ ಇದೇ ಮಾತು. ಕಿಟಕಿಯಿಂದ ಕಾಣದ ಸಮುದ್ರವನ್ನು ಕಾಣುವಂತೆ ಮಾಡಿ ತೋರಿಸಿದರೆ ಅದು ಮೋಸ. ಬಂದ ಅತಿಥಿ ಮೊದಲ ದಿನವೇ ಜಗಳ ತೆಗೆಯುತ್ತಾರೆ. ವಸ್ತು, ಕೋಣೆ, ಊಟ ಇವುಗಳಿಗೆ ಕ್ಯಾಮೆರಾ. ಹಿನ್ನೆಲೆ, ಕಲ್ಪನೆಯ ದೃಶ್ಯ, ಹಳೆಯ ಫೋಟೊಗೆ ಜೀವ, ತೆಗೆಯಲಾಗದ ಕೋನ ಇವುಗಳಿಗೆ ಎಐ.

ಹೀಗೆ ಹೊಡೆದ ಮೇಲೆ ಎಂಟೊಂಬತ್ತರಲ್ಲಿ ಮೂರೋ ನಾಲ್ಕೋ ಉಳಿಯುತ್ತವೆ. ನೀವು ಟೂಲ್ ಹುಡುಕಬೇಕಾದದ್ದು ಅಷ್ಟಕ್ಕೆ ಮಾತ್ರ.

## ಹಂತ 3: ಷರತ್ತು ಹಾಕಿ ಟೂಲ್‌ಗಳನ್ನು ಕಳೆಯಿರಿ

ಪರೀಕ್ಷೆಗೆ ಇಳಿಯುವ ಮುಂಚೆ ಪಟ್ಟಿ ಸಣ್ಣದಾಗಬೇಕು. ಪ್ರತಿ ಟೂಲ್‌ನ ಬೆಲೆ ಪುಟ ಮತ್ತು ನಿಯಮ ಪುಟ ತೆರೆದು ಇಷ್ಟನ್ನು ನೋಡಿ.

ಉದ್ದ. ವಿಯೊ ಒಂದು ಸಲಕ್ಕೆ 8 ಸೆಕೆಂಡ್ ಕೊಡುತ್ತದೆ. ರನ್‌ವೇಯ ಜೆನ್-4ರಲ್ಲಿ 5 ಅಥವಾ 10. ಅಡೋಬಿ ಫೈರ್‌ಫ್ಲೈಯದ್ದು 5. ಉದ್ದ ಜಾಸ್ತಿ ಇದ್ದರೆ ಒಳ್ಳೆಯದು ಎಂದಲ್ಲ. ಶಾಟ್ ಮುಂದೆ ಹೋದಷ್ಟೂ ಮುಖ, ಕೈ, ಬಟ್ಟೆ ಹಾಳಾಗುತ್ತಾ ಹೋಗುತ್ತದೆ. ನಾಲ್ಕು ಸೆಕೆಂಡ್ ಬೇಕಿದ್ದರೆ ಐದರದ್ದು ಸಾಕು.

ಆಕಾರ. ರೀಲ್ಸ್, ಶಾರ್ಟ್ಸ್, ಸ್ಟೇಟಸ್‌ಗೆ 9:16 (ನಿಂತ ಆಕಾರ). ಕೆಲವು ಟೂಲ್ ಅಥವಾ ಅದರ ಕೆಲವು ಮೋಡ್‌ಗಳಲ್ಲಿ ಅಡ್ಡ ಆಕಾರ ಮಾತ್ರ ಸಿಗುತ್ತದೆ. ಆಮೇಲೆ ಕತ್ತರಿಸಿ ನಿಲ್ಲಿಸಿದರೆ ಚಿತ್ರದ ಮೂರನೇ ಎರಡು ಭಾಗ ಹೋಗುತ್ತದೆ.

ಮೊದಲ ಮತ್ತು ಕೊನೆಯ ಫ್ರೇಮ್. ಶುರುವಿನ ಚಿತ್ರ, ಮುಗಿಯುವ ಚಿತ್ರ ಎರಡನ್ನೂ ಕೊಡುವ ಸೌಲಭ್ಯ ಕ್ಲಿಂಗ್, ಲೂಮಾ, ವಿಯೊಗಳಲ್ಲಿದೆ. ಅಂಗಡಿ ಬಾಗಿಲು ಮುಚ್ಚಿದ್ದು ತೆರೆಯಬೇಕು, ಹಳೆಯ ಹಂಚಿನ ಮನೆ ಹೋಗಿ ಹೊಸ ಕಟ್ಟಡ ಬರಬೇಕು, ಇಂಥ ಶಾಟ್ ಇದ್ದರೆ ಈ ಸೌಲಭ್ಯ ಇಲ್ಲದ ಟೂಲನ್ನು ಈಗಲೇ ಬಿಟ್ಟುಬಿಡಿ.

ವಾಟರ್‌ಮಾರ್ಕ್ ಮತ್ತು ವ್ಯಾಪಾರದ ಹಕ್ಕು. ಇದು ತುಂಬಾ ಜನ ಎಡವುವ ಜಾಗ. ಉಚಿತ ಪ್ಲ್ಯಾನ್‌ನಲ್ಲಿ ಮಾಡಿದ ವಿಡಿಯೊವನ್ನು ಜಾಹೀರಾತಿಗೆ ಬಳಸುವಂತಿಲ್ಲ ಎಂದು ಹಲವು ಟೂಲ್‌ಗಳ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ವಾಟರ್‌ಮಾರ್ಕ್ ಕತ್ತರಿಸಿದರೆ ಹಕ್ಕು ಬರುವುದಿಲ್ಲ. ಬೇರೆಯವರಿಗೆ ದುಡ್ಡು ತೆಗೆದುಕೊಂಡು ವಿಡಿಯೊ ಮಾಡಿಕೊಡುವವರು ಈ ಸಾಲನ್ನು ಓದದೆ ಮುಂದೆ ಹೋಗಲೇಬಾರದು. ಹಕ್ಕಿನ ವಿಷಯದಲ್ಲಿ ಗಿರಾಕಿ ತುಂಬಾ ಬಿಗಿ ಎಂದಾದರೆ ಫೈರ್‌ಫ್ಲೈ ನೋಡಿ. ಅದನ್ನು ಪರವಾನಗಿ ಇರುವ ಅಡೋಬಿ ಸ್ಟಾಕ್ ಮತ್ತು ಹಕ್ಕುಸ್ವಾಮ್ಯ ಮುಗಿದ ಸಾಮಗ್ರಿಯಿಂದ ತರಬೇತಿ ಮಾಡಿರುವುದಾಗಿ ಅಡೋಬಿ ಹೇಳುತ್ತದೆ.

ಇಷ್ಟಕ್ಕೆ ಮೂರು ಟೂಲ್ ಉಳಿದರೆ ಸಾಕು. ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ.

## ಹಂತ 4: ಪರೀಕ್ಷೆಯ ಫೋಲ್ಡರ್ ತಯಾರು ಮಾಡಿ

ಇಡೀ ಕೆಲಸದ ಗಟ್ಟಿ ಭಾಗ ಇದು. ಕಂಪನಿಯ ಡೆಮೊಗಳಲ್ಲಿ ಕಾರು ಓಡುತ್ತದೆ, ಹಿಮ ಬೀಳುತ್ತದೆ. ನಿಮಗೆ ಬೇಕಾದದ್ದು ಅದಲ್ಲ. ಮೂರು ಪರೀಕ್ಷಾ ಶಾಟ್ ಮಾಡಿ, ಮೂರೂ ನಮ್ಮ ಊರಿನವೇ ಆಗಿರಲಿ. ಒಂದೊಂದೂ ಒಂದೊಂದು ದೌರ್ಬಲ್ಯವನ್ನು ಬಯಲಿಗೆ ತರುವಂತಿರಬೇಕು.

ಮೊದಲ ಶಾಟ್: ಶಂಕರಪುರ ಮಲ್ಲಿಗೆ. ಬಾಳೆಎಲೆಯ ಮೇಲೆ ಇಟ್ಟ ಒಂದು ಅಟ್ಟೆ ಮಲ್ಲಿಗೆಯ ಹತ್ತಿರದ ಫೋಟೊ. ಒಂದು ಅಟ್ಟೆ ಎಂದರೆ ನಾಲ್ಕು ಚೆಂಡು, ಒಂದು ಚೆಂಡಿಗೆ 800 ಮೊಗ್ಗು. ಅಷ್ಟು ಸಣ್ಣ ಸಣ್ಣ ಆಕಾರಗಳು ಒತ್ತೊತ್ತಾಗಿ ಇರುವ ಚಿತ್ರ ಎಐಗೆ ತುಂಬಾ ಕಷ್ಟ. "ಕ್ಯಾಮೆರಾ ನಿಧಾನವಾಗಿ ಹತ್ತಿರ ಬರಲಿ, ಹೂವು ಅಲುಗಾಡದಿರಲಿ" ಎಂದಷ್ಟೇ ಕೇಳಿ. ಎರಡು ವಿಷಯ ನೋಡಿ. ಮೊಗ್ಗು ಮೊಗ್ಗಾಗಿಯೇ ಉಳಿಯಿತಾ, ಇಲ್ಲ ನಡುವೆ ಅರಳಿತಾ? ಹೂವಿನ ವಿಡಿಯೊ ಎಂದರೆ ಅರಳುವುದು ಎಂದು ಮಾಡೆಲ್‌ಗಳು (ಟೂಲ್‌ನ ಒಳಗೆ ವಿಡಿಯೊ ಹುಟ್ಟಿಸುವ ಎಐ) ಕಲಿತಿರುತ್ತವೆ, ಹಾಗಾಗಿ ಹೇಳದೆಯೇ ಅರಳಿಸುವುದುಂಟು. ಎರಡನೆಯದು, ಕಟ್ಟಿದ ಬಾಳೆನಾರು ನಾರಾಗಿಯೇ ಇದೆಯಾ, ಅಥವಾ ಹೂವಿನೊಳಗೆ ಕರಗಿ ಹೋಯಿತಾ?

ಎರಡನೇ ಶಾಟ್: ಯಕ್ಷಗಾನದ ವೇಷ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷದ ಒಂದು ಫೋಟೊ, ಕಲಾವಿದರ ಒಪ್ಪಿಗೆ ಪಡೆದದ್ದು. ಮುಖದ ಮೇಲಿನ ಚಿಟ್ಟಿಯ (ಬಿಳಿ ಚುಕ್ಕೆಗಳ) ಸಾಲುಗಳೇ ಇಲ್ಲಿ ಅಳತೆಗೋಲು. ವೇಷ ತಲೆ ತಿರುಗಿಸುವಾಗ ಚಿಟ್ಟಿ ಇದ್ದಲ್ಲೇ ಇರಬೇಕು. ಕಳಪೆ ಟೂಲ್‌ನಲ್ಲಿ ಎರಡನೇ ಸೆಕೆಂಡಿಗೇ ಅವು ಒಂದಕ್ಕೊಂದು ಅಂಟಿಕೊಂಡು ಬಿಳಿ ಗಡ್ಡದ ಹಾಗೆ ಕಾಣುತ್ತವೆ. ಕಿರೀಟದ ಎರಡೂ ಬದಿ ಒಂದೇ ಥರ ಉಳಿಯಿತಾ ಎಂದೂ ನೋಡಿ.

ಇದೇ ಶಾಟನ್ನು ಫೋಟೊ ಇಲ್ಲದೆ, ಬರಿ ಮಾತಿನಲ್ಲಿ "ಯಕ್ಷಗಾನ" ಎಂದು ಕೇಳಿಯೂ ನೋಡಿ. ಕಥಕಳಿಯ ಹಸಿರು ಮುಖವೋ, ಎರಡನ್ನೂ ಕಲಸಿದ ಯಾವುದೋ ವೇಷವೋ ಬರುವ ಸಾಧ್ಯತೆ ಜಾಸ್ತಿ. ತೆಂಕು ಮತ್ತು ಬಡಗಿನ (ಉತ್ತರದ ಶೈಲಿ) ವ್ಯತ್ಯಾಸ ಅದಕ್ಕೆ ಗೊತ್ತಿರುವುದಿಲ್ಲ. ಬಡಗಿನ ಕೇದಗೆ ಮುಂದಲೆ ಎಂಬ ತಲೆಯ ಅಲಂಕಾರ ಕೇಳಿದರೆ ಯಾವುದೋ ಪೇಟ ಕಟ್ಟುತ್ತದೆ. ಇಲ್ಲಿಯ ಪ್ರೇಕ್ಷಕರು ಒಂದು ಕ್ಷಣದಲ್ಲಿ ಹಿಡಿಯುವ ತಪ್ಪು ಇದು. ಆಟದ ಪ್ರಚಾರಕ್ಕೆ ಇಂಥ ವಿಡಿಯೊ ಹಾಕಿದರೆ ಮೇಳದ ಮರ್ಯಾದೆ ಹೋಗುತ್ತದೆ ಮಾರಾಯ್ರೇ. ಹಾಗಾಗಿ ಕರಾವಳಿಯ ವೇಷ, ಆಭರಣ, ಆಚರಣೆ ಏನೇ ಇದ್ದರೂ ಫೋಟೊದಿಂದಲೇ ಶುರು ಮಾಡಿ.

ಮೂರನೇ ಶಾಟ್: ಮಳೆಯಲ್ಲಿ ನಡೆಯುವ ಇಬ್ಬರು. ಜುಲೈ ಮಳೆ, ಹಂಪನಕಟ್ಟೆಯಂಥ ರಸ್ತೆ, ಕೊಡೆ ಹಿಡಿದು ಇಬ್ಬರು ಕ್ಯಾಮೆರಾದ ಕಡೆ ನಡೆದು ಬರುವುದು. ಇದನ್ನು ಬರಿ ಮಾತಿನಿಂದಲೇ ಮಾಡಿಸಿ. ಕಾಲು ನೆಲಕ್ಕೆ ಸರಿಯಾಗಿ ತಾಗುತ್ತದಾ? ಕೊಡೆಯ ಹಿಡಿ ಕೈಯೊಳಗೆ ಇದೆಯಾ, ಮಣಿಕಟ್ಟನ್ನು ತೂರಿಕೊಂಡು ಹೋಗಿದೆಯಾ? ಕೊಡೆಯ ಅಡಿಯಲ್ಲೂ ಮಳೆ ಬೀಳುತ್ತಿದೆಯಾ? ಹಿಂದಿನ ಅಂಗಡಿ ಬೋರ್ಡುಗಳ ಅಕ್ಷರಕ್ಕೆ ಅಂಕ ಕಳೆಯಬೇಡಿ. ಕನ್ನಡ ಲಿಪಿ ಎಲ್ಲ ಟೂಲ್‌ಗಳಲ್ಲೂ ಹೆಚ್ಚಾಗಿ ಕೆಡುತ್ತದೆ. ಒತ್ತಕ್ಷರ ಬಂದಲ್ಲಂತೂ ಇನ್ನೂ ಜಾಸ್ತಿ. ಅಕ್ಷರವನ್ನು ಎಡಿಟರ್‌ನಲ್ಲೇ ಹಾಕಿಕೊಳ್ಳಿ, ಟೂಲ್‌ನಿಂದ ಕೇಳಲೇಬೇಡಿ.

ಫೋಟೊಗಳನ್ನು ಮೊದಲೇ 1080 × 1920 ಅಳತೆಗೆ ಕತ್ತರಿಸಿಡಿ. ಇಲ್ಲದಿದ್ದರೆ ಒಂದೊಂದು ಟೂಲ್ ಒಂದೊಂದು ಕಡೆ ಕತ್ತರಿಸುತ್ತದೆ, ಹೋಲಿಕೆಗೆ ಅರ್ಥವೇ ಇರುವುದಿಲ್ಲ.

## ಹಂತ 5: ಎಲ್ಲ ಟೂಲ್‌ಗೂ ಒಂದೇ ಪರೀಕ್ಷೆ

ಒಂದೇ ಫೋಟೊ, ಒಂದೇ ವಿವರಣೆ, ಸಿಗುವಷ್ಟು ಹತ್ತಿರದ ಉದ್ದ. ಪ್ರತಿ ಶಾಟ್‌ಗೆ ಮೂರು ಸಲ. ಒಂದೇ ಸಲ ಮಾಡಿ ತೀರ್ಮಾನ ಮಾಡಬೇಡಿ. ಈ ಟೂಲ್‌ಗಳು ಅದೇ ಮಾತಿಗೆ ಪ್ರತಿ ಸಲ ಬೇರೆ ವಿಡಿಯೊ ಕೊಡುತ್ತವೆ. ಮೊದಲನೆಯದು ಚೆನ್ನಾಗಿ ಬಂದದ್ದು ಅದೃಷ್ಟವೂ ಆಗಿರಬಹುದು. ಚೆನ್ನಾಗಿ ಬರಲಿಲ್ಲ ಎಂದು ನಡುವೆ ವಿವರಣೆ ಬದಲಿಸಿದರೆ ಪರೀಕ್ಷೆ ಕೆಟ್ಟಿತು.

ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದರೂ ಕೆಲವು ಅರ್ಥ ಮಾಡಿಕೊಳ್ಳುತ್ತವೆ, ಆದರೆ ಎಲ್ಲದರಲ್ಲೂ ಒಂದೇ ಥರ ನಡೆಯುವುದು ಇಂಗ್ಲಿಷ್. ಕ್ರಮ ಹೀಗಿರಲಿ: ಯಾರು ಅಥವಾ ಏನು, ಏನು ಮಾಡುತ್ತಿದೆ, ಎಲ್ಲಿ, ಬೆಳಕು ಹೇಗೆ, ಕ್ಯಾಮೆರಾ ಹೇಗೆ ಚಲಿಸಬೇಕು. ಒಂದು ಶಾಟ್‌ಗೆ ಒಂದೇ ಕ್ರಿಯೆ. "ಬಂದು, ಕೂತು, ಚಹಾ ಕುಡಿದು, ನಕ್ಕು" ಎಂದು ನಾಲ್ಕು ಕೇಳಿದರೆ ಐದು ಸೆಕೆಂಡಿನಲ್ಲಿ ಯಾವುದೂ ಸರಿಯಾಗುವುದಿಲ್ಲ. ಫೋಟೊ ಕೊಟ್ಟಾಗ ಫೋಟೊದಲ್ಲಿ ಇರುವುದನ್ನು ಮತ್ತೆ ವಿವರಿಸಬೇಡಿ, ಚಲನೆ ಮಾತ್ರ ಹೇಳಿ. ಊರಿನ ಹೆಸರುಗಳನ್ನು ನಂಬಿ ಕೂರಬೇಡಿ. "ಮಂಗಳೂರು ಹಂಚು" ಎಂದರೆ ಅರ್ಥವಾಗದಿದ್ದರೆ "ಇಳಿಜಾರು ಮಾಡು, ಕೆಂಪು ಮಣ್ಣಿನ ಹಂಚು, ಮಳೆಗೆ ಪಾಚಿ ಹಿಡಿದು ಕಪ್ಪಾದದ್ದು" ಎಂದು ಕಣ್ಣಿಗೆ ಕಾಣುವಂತೆ ಬರೆಯಿರಿ.

### ವಿಡಿಯೊ ಪರೀಕ್ಷಿಸುವ ಬಗೆ

ಫೋನಿನಲ್ಲಿ ಒಮ್ಮೆ ಓಡಿಸಿ "ಚೆನ್ನಾಗಿದೆ" ಎನ್ನಬೇಡಿ. ಮೊದಲು ಪೂರ್ತಿ ವೇಗದಲ್ಲಿ ನೋಡಿ. ಆಮೇಲೆ ಎಡಿಟರ್‌ಗೆ ಹಾಕಿ ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿ. ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್ ಪಕ್ಕಪಕ್ಕ ಇಟ್ಟು ಹೋಲಿಸಿ. ಅದೇ ಮುಖವಾ, ಅದೇ ಮೂಗುತಿಯಾ, ಸೀರೆಗೆ ಅದೇ ಅಂಚಾ? ಮುಖ ನಿಧಾನವಾಗಿ ಬೇರೆಯವರದ್ದಾಗುವುದು ಓಡುವ ವಿಡಿಯೊದಲ್ಲಿ ಕಾಣುವುದಿಲ್ಲ, ಪಕ್ಕಪಕ್ಕ ಇಟ್ಟಾಗ ಮಾತ್ರ ಸಿಕ್ಕಿಬೀಳುತ್ತದೆ.

ಗಮನಿಸಬೇಕಾದ ಎಚ್ಚರಿಕೆಯ ಚಿಹ್ನೆಗಳು: ಬೆರಳುಗಳ ಎಣಿಕೆ ಬದಲಾಗುವುದು, ಒಬ್ಬರು ಇನ್ನೊಬ್ಬರ ಹಿಂದೆ ಹೋಗಿ ಹೊರಬರುವಾಗ ಬಟ್ಟೆಯ ಬಣ್ಣ ಬೇರೆಯಾಗುವುದು, ಅಂಚುಗಳು ನೀರಿನಂತೆ ತೇಲುವುದು, ಮಾಡಲು ಹೇಳದ ಕ್ಯಾಮೆರಾ ಚಲನೆ, ಚರ್ಮ ಮೇಣದಂತೆ ನುಣುಪಾಗುವುದು.

ಅಂಕ ಕೊಡುವ ಗೋಜು ಬೇಡ. ಪ್ರತಿ ತುಣುಕಿಗೂ ಎರಡೇ ವಿಷಯ ಬರೆಯಿರಿ. ಬಳಸಬಹುದಾ, ಹೌದು ಅಥವಾ ಇಲ್ಲ. ಹೌದಾದರೆ ಎಷ್ಟು ಸೆಕೆಂಡ್? ಐದು ಸೆಕೆಂಡಿನಲ್ಲಿ ಮೊದಲ ಮೂರೂವರೆ ಮಾತ್ರ ಚೆನ್ನಾಗಿದ್ದರೆ ಮೂರೂವರೆ ಎಂದೇ ಬರೆಯಿರಿ.

## ಹಂತ 6: ಬಳಸಬಹುದಾದ ಒಂದು ಸೆಕೆಂಡಿನ ಬೆಲೆ ಹಾಕಿ

ತಿಂಗಳ ಬೆಲೆಗಳನ್ನು ಹೋಲಿಸುವುದರಿಂದ ಏನೂ ಗೊತ್ತಾಗುವುದಿಲ್ಲ. ಹೋಲಿಸಬೇಕಾದದ್ದು ಇದನ್ನು.

ರನ್‌ವೇಯ ಸ್ಟ್ಯಾಂಡರ್ಡ್ ಪ್ಲ್ಯಾನ್ ತೆಗೆದುಕೊಳ್ಳೋಣ. ತಿಂಗಳು ತಿಂಗಳು ಕಟ್ಟುವುದಾದರೆ 15 ಡಾಲರ್, 625 ಕ್ರೆಡಿಟ್. ಜೆನ್-4 ಮಾಡೆಲ್ ಸೆಕೆಂಡಿಗೆ 12 ಕ್ರೆಡಿಟ್ ತಿನ್ನುತ್ತದೆ. ಅಂದರೆ 5 ಸೆಕೆಂಡಿನ ಒಂದು ತುಣುಕಿಗೆ 60, ತಿಂಗಳಿಗೆ 10 ತುಣುಕು. ನಿಮ್ಮ ಪರೀಕ್ಷೆಯಲ್ಲಿ ಮೂರಕ್ಕೆ ಒಂದು ಮಾತ್ರ ಪಾಸಾಗಿತ್ತು, ಅದರಲ್ಲೂ ಮೂರೂವರೆ ಸೆಕೆಂಡ್ ಒಳ್ಳೆಯದಿತ್ತು ಎಂದು ಇಟ್ಟುಕೊಳ್ಳಿ. ಆಗ ಇಡೀ ತಿಂಗಳಿಗೆ ಕೈಗೆ ಸಿಗುವುದು 3 ತುಣುಕು, ಹತ್ತು ಸೆಕೆಂಡ್ ಚಿಲ್ಲರೆ. ಸೆಕೆಂಡಿಗೆ ಸುಮಾರು ಒಂದೂವರೆ ಡಾಲರ್.

ಅದೇ ಪ್ಲ್ಯಾನ್‌ನಲ್ಲಿ ಜೆನ್-4 ಟರ್ಬೊ ಬಳಸಿದರೆ ಸೆಕೆಂಡಿಗೆ 5 ಕ್ರೆಡಿಟ್. 25 ತುಣುಕು ಆಗುತ್ತದೆ. ಪಾಸಾಗುವ ಲೆಕ್ಕ ಅಷ್ಟೇ ಇದ್ದರೆ 8 ತುಣುಕು, 28 ಸೆಕೆಂಡ್. ಟರ್ಬೊದ ಗುಣಮಟ್ಟ ನಿಮ್ಮ ಶಾಟ್‌ಗೆ ಸಾಕಾಗುತ್ತದಾ ಎಂದು ಹೇಳುವುದು ನಿಮ್ಮ ಪರೀಕ್ಷೆ ಮಾತ್ರ, ಜಾಹೀರಾತಲ್ಲ. ಮಲ್ಲಿಗೆ ಶಾಟ್‌ಗೆ ಸಾಲದೇ ಹೋಗಬಹುದು, ಮಳೆಯ ಶಾಟ್‌ಗೆ ಸಾಕಾಗಬಹುದು. ಕರಡು ಶಾಟ್‌ಗೆ ಅಗ್ಗದ ಮಾಡೆಲ್, ಕೊನೆಯ ಶಾಟ್‌ಗೆ ದುಬಾರಿಯದು ಎಂದು ಹಂಚಿಕೊಂಡರೆ ಕ್ರೆಡಿಟ್ ಬಾಳುತ್ತದೆ. ಈ ದರಗಳು ಆಗಾಗ ಬದಲಾಗುತ್ತವೆ. ಲೆಕ್ಕದ ರೀತಿ ಹಿಡಿದುಕೊಳ್ಳಿ, ಅಂಕಿಗಳನ್ನು ಅಂದಿನ ಬೆಲೆ ಪುಟದಿಂದ ತುಂಬಿ.

ಇದರ ಮೇಲೆ ಬೀಳುವ ಖರ್ಚೂ ಇದೆ. ಡಾಲರಿನಲ್ಲಿ ಕಟ್ಟಿದರೆ ಹೆಚ್ಚಿನ ಕ್ರೆಡಿಟ್ ಕಾರ್ಡ್‌ಗಳು ಶೇ. 2ರಿಂದ 3.5ರಷ್ಟು ಹೆಚ್ಚುವರಿ ಹಾಕುತ್ತವೆ. ಕೆಲವು ಕಂಪನಿಗಳು ಬಿಲ್ಲಿಗೆ ಶೇ. 18 ಜಿಎಸ್‌ಟಿ ಸೇರಿಸುತ್ತವೆ. ಪೇಮೆಂಟ್ ಮತ್ತೆ ಮತ್ತೆ ಫೇಲ್ ಆದರೆ ಟೂಲ್‌ನದ್ದೇ ತಪ್ಪು ಎಂದುಕೊಳ್ಳಬೇಡಿ, ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತಾರಾಷ್ಟ್ರೀಯ ವ್ಯವಹಾರ ಆನ್ ಇದೆಯಾ ನೋಡಿ. ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ದುಡ್ಡು ಕಟ್ಟುವ ಮುಂಚೆ ಕೈಯಲ್ಲಿ ಈಗಾಗಲೇ ಏನಿದೆ ನೋಡಿ. ಗೂಗಲ್ ಎಐ ಪ್ರೊ ತಿಂಗಳಿಗೆ 1,950 ರೂ. ಅದರಲ್ಲಿ ವಿಯೊ ಬರುತ್ತದೆ. ಜಿಯೊ 2025ರ ಅಕ್ಟೋಬರ್ ಕೊನೆಯಲ್ಲಿ ಅರ್ಹ 5ಜಿ ಗ್ರಾಹಕರಿಗೆ ಇದನ್ನು 18 ತಿಂಗಳು ಉಚಿತವಾಗಿ ಕೊಡುವ ಯೋಜನೆ ಪ್ರಕಟಿಸಿತು. ಮನೆಯಲ್ಲಿ ಯಾರದಾದರೂ ಸಿಮ್‌ಗೆ ಅದು ಸಿಕ್ಕಿದ್ದರೆ ಪರೀಕ್ಷೆಯನ್ನು ಅಲ್ಲಿಂದಲೇ ಶುರು ಮಾಡಿ.

## ಹಂತ 7: ದನಿಯನ್ನು ಬೇರೆ ಪರೀಕ್ಷಿಸಿ

ದನಿ ಸಮೇತ ಬರುವ ವಿಡಿಯೊದಲ್ಲಿ ಕನ್ನಡ ಮಾತಾಡಿಸಿ ನೋಡಿ. ಕೇಳುವಾಗ ಮೂರು ಕಡೆ ಕಿವಿ ಕೊಡಿ: ಳ ಮತ್ತು ಲ ಬೇರೆಯಾಗಿ ಕೇಳುತ್ತದಾ, ಒತ್ತಕ್ಷರ ನುಂಗಿ ಹೋಗಿದೆಯಾ, ವಾಕ್ಯದ ಕೊನೆ ಹಿಂದಿಯ ಹಾಗೆ ಎಳೆಯುತ್ತದಾ. ತುಳು, ಕೊಂಕಣಿ, ಬ್ಯಾರಿ ಬೇಕಿದ್ದರೆ ಟೂಲ್‌ನ ದನಿ ಮರೆತುಬಿಡಿ. ನೀವೇ ಫೋನಿನಲ್ಲಿ ರೆಕಾರ್ಡ್ ಮಾಡಿ ಎಡಿಟರ್‌ನಲ್ಲಿ ಸೇರಿಸಿ. ಕೋಣೆಯ ಫ್ಯಾನ್ ಆಫ್ ಮಾಡಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರ ಇಡಿ. ಅಷ್ಟು ಮಾಡಿದರೆ ಯಾವ ಎಐ ದನಿಗಿಂತಲೂ ಚೆನ್ನಾಗಿರುತ್ತದೆ.

ಚೆಂಡೆ ಮದ್ದಳೆಯೂ ಹಾಗೆಯೇ. ಟೂಲ್ ಕೊಡುವುದು ಯಾವುದೋ ಡ್ರಮ್. ಮೇಳದವರ ರೆಕಾರ್ಡಿಂಗನ್ನು ಅವರ ಒಪ್ಪಿಗೆಯಿಂದ ಬಳಸಿ.

ದನಿ ಬೇರೆ ಸೇರಿಸುವುದೇ ಆದರೆ, ದನಿಗಾಗಿ ಜಾಸ್ತಿ ಕ್ರೆಡಿಟ್ ತಿನ್ನುವ ಮೋಡ್ ಆಫ್ ಮಾಡಿ. ಇದನ್ನು ಮರೆತು ತುಂಬಾ ಜನ ಸುಮ್ನೆ ದುಡ್ಡು ಕಳೆಯುತ್ತಾರೆ.

## ಹಂತ 8: ಒಪ್ಪಿಗೆ, ನಂಬಿಕೆ, ಲೇಬಲ್

ಗಿರಾಕಿ, ಕೆಲಸದವರು, ಕಲಾವಿದರು ಯಾರೇ ಆಗಲಿ, ಮುಖ ಕಾಣುವ ಫೋಟೊ ಅಪ್‌ಲೋಡ್ ಮಾಡುವ ಮುಂಚೆ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ "ಆಗಬಹುದು" ಎಂದು ಬರೆಸಿಕೊಂಡರೂ ಸಾಕು. ಉಚಿತ ಪ್ಲ್ಯಾನ್‌ಗಳಲ್ಲಿ ನೀವು ಹಾಕಿದ ಚಿತ್ರ ತರಬೇತಿಗೆ ಬಳಕೆಯಾಗಬಹುದು, ಮಾಡಿದ ವಿಡಿಯೊ ಎಲ್ಲರಿಗೂ ಕಾಣುವ ಗ್ಯಾಲರಿಗೆ ಹೋಗಬಹುದು. ಸೆಟ್ಟಿಂಗ್‌ನಲ್ಲಿ ಆಫ್ ಮಾಡಲು ಬರುತ್ತದಾ ನೋಡಿ, ಬರದಿದ್ದರೆ ಮುಖ ಹಾಕಬೇಡಿ. ಅಷ್ಟಮಿಯ ಮುದ್ದುಕೃಷ್ಣ ಫೋಟೊಗಳಿಗೆ ಚಲನೆ ಕೊಡಿ ಎಂದು ಕೇಳುವವರು ತುಂಬಾ. ಮಕ್ಕಳ ಮುಖವನ್ನು ಹಲವು ಟೂಲ್‌ಗಳು ತಡೆಯುತ್ತವೆ. ತಡೆದಾಗ ಬೇರೆ ದಾರಿ ಹುಡುಕಬೇಡಿ, ಅಲ್ಲಿಗೇ ನಿಲ್ಲಿಸಿ.

ದೈವದ ಕೋಲವನ್ನು ಎಐಯಲ್ಲಿ ಮಾಡಬೇಡಿ. ಫೋಟೊದಿಂದಲೂ ಬೇಡ, ಮಾತಿನಿಂದಲೂ ಬೇಡ. ಅದು ಪ್ರದರ್ಶನವಲ್ಲ, ನಂಬಿದವರ ಆರಾಧನೆ. ಯಂತ್ರ ಹುಟ್ಟಿಸಿದ ಅಣಿ (ದೈವದ ಬೆನ್ನಿಗೆ ಕಟ್ಟುವ ಅಲಂಕಾರ), ಯಂತ್ರ ಹುಟ್ಟಿಸಿದ ದೈವದ ಮುಖ ಇಲ್ಲಿಯವರ ಮನಸ್ಸಿಗೆ ನೋವು ಕೊಡುತ್ತದೆ. ಗಿರಾಕಿ ಎಷ್ಟು ಒತ್ತಾಯ ಮಾಡಿದರೂ ಈ ಕೆಲಸ ಒಪ್ಪಿಕೊಳ್ಳಬಾರದು ಎಂಬುದು ನನ್ನ ಖಚಿತ ಮಾತು.

ಇನ್ನು ಲೇಬಲ್. ಐಟಿ ನಿಯಮಗಳ ತಿದ್ದುಪಡಿ 2026ರ ಫೆಬ್ರವರಿ 20ರಿಂದ ಜಾರಿಯಲ್ಲಿದೆ. ನಿಜದಂತೆ ಕಾಣುವ ಎಐ ವಿಡಿಯೊಗೆ ಎದ್ದು ಕಾಣುವ ಲೇಬಲ್ ಇರಬೇಕು. ಬಣ್ಣ ತಿದ್ದುವಂಥ ಮಾಮೂಲಿ ಎಡಿಟಿಂಗ್‌ಗೆ ಇದು ಅನ್ವಯಿಸುವುದಿಲ್ಲ. ಯೂಟ್ಯೂಬ್‌ನಲ್ಲಿ ಅಪ್‌ಲೋಡ್ ಮಾಡುವಾಗ ಬದಲಾಯಿಸಿದ ಅಥವಾ ಕೃತಕ ವಿಷಯವಾ ಎಂಬ ಪ್ರಶ್ನೆ ಬರುತ್ತದೆ, ಹೌದು ಎಂದು ಒತ್ತಿ. ಮುಚ್ಚಿಡುವುದರಲ್ಲಿ ಲಾಭವೂ ಇಲ್ಲ. ಗೂಗಲ್‌ನ ವಿಡಿಯೊಗಳಲ್ಲಿ ಸಿಂಥ್‌ಐಡಿ ಎಂಬ ಕಣ್ಣಿಗೆ ಕಾಣದ ಗುರುತು ಇದ್ದೇ ಇರುತ್ತದೆ.

## ಸ್ವಂತ ಕಂಪ್ಯೂಟರ್‌ನಲ್ಲಿ ಮಾಡಿದರೆ ಹೇಗೆ?

ಅಲಿಬಾಬಾದ ವಾನ್ 2.1 ಎಂಬ ವಿಡಿಯೊ ಮಾಡೆಲ್ ಮುಕ್ತವಾಗಿ ಸಿಗುತ್ತದೆ, ಇಳಿಸಿಕೊಂಡು ಓಡಿಸಬಹುದು. ಅದರ ಸಣ್ಣ ಮಾಡೆಲ್‌ಗೆ ಸುಮಾರು 8.2 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು. ಆರ್‌ಟಿಎಕ್ಸ್ 4090ರಂಥ ದುಬಾರಿ ಗ್ರಾಫಿಕ್ಸ್ ಕಾರ್ಡ್‌ನಲ್ಲೂ 480ಪಿ ಗುಣಮಟ್ಟದ 5 ಸೆಕೆಂಡಿಗೆ ಸುಮಾರು 4 ನಿಮಿಷ ಬೇಕೆಂದು ತಯಾರಕರೇ ಹೇಳುತ್ತಾರೆ. ಗೇಮಿಂಗ್ ಪಿಸಿ ಈಗಾಗಲೇ ಇದ್ದರೆ, ಇಂಥ ಮಾಡೆಲ್ ಓಡಿಸುವ ಕಂಫಿಯುಐ ಎಂಬ ಸಾಫ್ಟ್‌ವೇರ್ ಕಲಿಯುವ ತಾಳ್ಮೆ ಇದ್ದರೆ ಮಾಡಿ. ಇದಕ್ಕೆಂದೇ ಹೊಸ ಕಾರ್ಡ್ ಕೊಳ್ಳುವುದು ಸಣ್ಣ ವ್ಯಾಪಾರಕ್ಕೆ ಗಿಟ್ಟುವುದಿಲ್ಲ. ಮಾಡುವವರು ಯುಪಿಎಸ್ ಹಾಕಿಕೊಳ್ಳಿ. ನಮ್ಮ ಕಡೆಯ ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ.

## ನಕಲಿ ಸೈಟ್‌ಗಳ ಬಗ್ಗೆ ಎಚ್ಚರ

ಫೇಸ್‌ಬುಕ್ ಜಾಹೀರಾತಿನಿಂದ ಯಾವ ಎಐ ವಿಡಿಯೊ ಸೈಟಿಗೂ ಹೋಗಬೇಡಿ. ಲೂಮಾ, ಕ್ಲಿಂಗ್ ಹೆಸರಿನ ನಕಲಿ ಸೈಟ್‌ಗಳಿಗೆ ಜನರನ್ನು ಎಳೆಯುವ ಜಾಹೀರಾತು ಜಾಲದ ಬಗ್ಗೆ ಗೂಗಲ್‌ನ ಮ್ಯಾಂಡಿಯಂಟ್ ತಂಡ 2025ರ ಮೇ ತಿಂಗಳಲ್ಲಿ ಎಚ್ಚರಿಸಿತ್ತು. ನೀವು ವಿವರಣೆ ಬರೆಯುತ್ತೀರಿ, ಅದು ವಿಡಿಯೊ ತಯಾರು ಮಾಡಿದಂತೆ ನಟಿಸುತ್ತದೆ, ಕೊನೆಗೆ ಒಂದು ಜಿಪ್ ಫೈಲ್ ಕೊಡುತ್ತದೆ. ಒಳಗೆ ವಿಡಿಯೊದಂತೆ ಕಾಣುವ ಪ್ರೋಗ್ರಾಂ ಇರುತ್ತದೆ. ತೆರೆದರೆ ಪಾಸ್‌ವರ್ಡ್, ಕಾರ್ಡ್ ವಿವರ ಎಲ್ಲ ಹೋಗುತ್ತದೆ. ನಿಜವಾದ ಟೂಲ್ ಕೊಡುವುದು ಎಂಪಿ4 ಫೈಲ್. ಜಿಪ್ ಬಂದು, ಒಳಗಿನ ಫೈಲಿನ ಹೆಸರು ಇಎಕ್ಸ್‌ಇ ಎಂದು ಕೊನೆಯಾದರೆ ತೆರೆಯದೆ ಅಳಿಸಿ.

"ಜೀವನಪೂರ್ತಿ ಪ್ಲ್ಯಾನ್ 499 ರೂಪಾಯಿ", "ಎಲ್ಲ ಎಐ ಟೂಲ್ ಒಂದೇ ಲಾಗಿನ್‌ನಲ್ಲಿ" ಎಂದು ಟೆಲಿಗ್ರಾಂನಲ್ಲಿ ಮಾರುವವರನ್ನೂ ದೂರ ಇಡಿ. ಹಂಚಿಕೊಂಡ ಖಾತೆಯಲ್ಲಿ ನೀವು ಹಾಕಿದ ಗಿರಾಕಿಯ ಫೋಟೊವನ್ನು ಬೇರೆಯವರೂ ನೋಡುತ್ತಾರೆ.

## ಹಂತ 9: ಒಂದೇ ತಿಂಗಳಿಗೆ ಕಟ್ಟಿ

ವರ್ಷದ ಪ್ಲ್ಯಾನ್ ಅಗ್ಗವಾಗಿ ಕಾಣುತ್ತದೆ, ತೆಗೆದುಕೊಳ್ಳಬೇಡಿ. ಇವತ್ತು ಮುಂದಿರುವ ಟೂಲ್ ಆರು ತಿಂಗಳಲ್ಲಿ ಹಿಂದೆ ಬೀಳುತ್ತದೆ. ಕಟ್ಟುವ ಮುಂಚೆ ಶಾಟ್ ಪಟ್ಟಿ, ಫೋಟೊ, ವಿವರಣೆ ಎಲ್ಲ ತಯಾರಿರಲಿ. ಉಳಿದ ಕ್ರೆಡಿಟ್ ಹೆಚ್ಚಿನ ಕಡೆ ಮುಂದಿನ ತಿಂಗಳಿಗೆ ಹೋಗುವುದಿಲ್ಲ, ಹಾಗಾಗಿ ಕಟ್ಟಿದ ವಾರದಲ್ಲೇ ಕೂತು ಕೆಲಸ ಮುಗಿಸಿ.

ಕಟ್ಟಿದ ದಿನವೇ ಸಬ್‌ಸ್ಕ್ರಿಪ್ಷನ್ ರದ್ದು ಮಾಡುವ ಜಾಗ ಹುಡುಕಿಟ್ಟುಕೊಳ್ಳಿ. ರದ್ದು ಮಾಡಿದರೂ ಸಾಮಾನ್ಯವಾಗಿ ತಿಂಗಳ ಕೊನೆಯವರೆಗೆ ಬಳಸಬಹುದು, ನಿಯಮ ಪುಟದಲ್ಲಿ ಇದನ್ನು ಖಚಿತ ಮಾಡಿಕೊಂಡು ಅಂದೇ ರದ್ದು ಮಾಡಿಬಿಡಿ. ಮಾಡಿದ ಎಲ್ಲ ತುಣುಕುಗಳನ್ನೂ ಇಳಿಸಿಕೊಳ್ಳಿ, ಜೊತೆಗೆ ಬಿಲ್ಲನ್ನೂ ಆ ದಿನದ ನಿಯಮ ಪುಟದ ಸ್ಕ್ರೀನ್‌ಶಾಟ್ ಅನ್ನೂ ಅದೇ ಫೋಲ್ಡರ್‌ಗೆ ಹಾಕಿ. ಮುಂದೆ ಗಿರಾಕಿ ಹಕ್ಕಿನ ಬಗ್ಗೆ ಕೇಳಿದರೆ ತೋರಿಸಲು ಇರುವ ದಾಖಲೆ ಅದೇ.

ಪರೀಕ್ಷೆಯ ಮೂರು ಶಾಟ್‌ಗಳ ಫೋಲ್ಡರನ್ನು ಮಾತ್ರ ಅಳಿಸಬೇಡಿ. ಹೊಸ ಮಾಡೆಲ್ ಬಂದಾಗ ಅದೇ ಫೋಟೊ, ಅದೇ ವಿವರಣೆ ಹಾಕಿ ಹಂತ 5ರಿಂದ ಮತ್ತೆ ಶುರು ಮಾಡಿ.